ಎಲ್ಲರ ಪರವಾಗಿ ‘ನಾನು’ ಎನ್ನುವ ಎರ್ಮೆಲಿಂದಾ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಿರಾಸೋಲ್ ಶಾಲೆಯ ಸಭಾಂಗಣದಲ್ಲಿ ಎರ್ಮೆಲಿಂದಾ ಒಬ್ಬರೇ ಇಯರ್‌ಫೋನುಗಳನ್ನು ಒರೆಸಿ ಮೇಜಿನ ಮೇಲೆ ಜೋಡಿಸುತ್ತಿದ್ದಾರೆ. ಒಂದನ್ನು ಕಿವಿಗೆ ಸಿಕ್ಕಿಸಿಕೊಂಡು ಮೈಕಿನಲ್ಲಿ ಮೆಕ್ಸಿಕೊದಿಂದ ಬಂದ ನಮ್ಮ ಮಿಸ್ತೆಕೊ ಮಾತಿನಲ್ಲೇ “ಕೇಳಿಸ್ತಿದೆಯಾ?” ಎನ್ನುತ್ತಾರೆ. “ಹ್ಞೂಂ, ಕೇಳಿಸ್ತಿದೆ” ಎಂದು ತಾವೇ ಉತ್ತರವನ್ನೂ ಕೊಡುತ್ತಾರೆ.

ಹತ್ತು ವರ್ಷಕ್ಕೊಮ್ಮೆ, ಜನಗಣತಿ ಮುಗಿದ ಮೇಲೆ, ನಮ್ಮ ಕ್ಯಾಲಿಫೋರ್ನಿಯಾದ ವಿಧಾನಸಭಾ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆಯುತ್ತಾರೆ. ಗಡಿ ಎಲ್ಲಿ ಬೀಳಬಾರದು ಎಂದು ಜನರೇ ಹೇಳಲಿ ಅಂತ ಗಡಿ ಎಳೆಯುವ ಆಯೋಗ ಊರೂರು ಸುತ್ತುತ್ತದೆ. ನಮ್ಮವರ ಮಾತನ್ನು ಆಯೋಗಕ್ಕೂ ಆಯೋಗದ ಮಾತನ್ನು ನಮ್ಮವರಿಗೂ ಮುಟ್ಟಿಸುವ ದುಭಾಷಿ ಎರ್ಮೆಲಿಂದಾ. ಆದರೆ ನಮ್ಮವರು ಬಂದರೆ ತಾನೇ? ಕರಪತ್ರವೆಲ್ಲ ಇಂಗ್ಲಿಷು, ಸ್ಪ್ಯಾನಿಷು. ಬಾದಾಮಿ ತೋಟಕ್ಕೆ ಹೊರಟವರಿಗೆ ಅದನ್ನು ಓದಿ ಹೇಳುವವರಿಲ್ಲ. ಇಲ್ಲಿಯವರೆಗಿನ ಒಂದು ಸಭೆಯಲ್ಲೂ ಈ ಇಯರ್‌ಫೋನನ್ನು ಯಾರೂ ಮುಟ್ಟಿಲ್ಲ. ಆದರೂ ಇವರು ಸಭೆಯ ಮಾತನ್ನೆಲ್ಲ ಮಿಸ್ತೆಕೊದಲ್ಲಿ ಮೈಕಿಗೆ ಹೇಳುತ್ತಲೇ ಇರಬೇಕು, ಅದು ನಿಯಮ.

“ಗೋಡೆ ಜೊತೆ ಮಾತಾಡೋಳು ಅಂತ ಕಾಫಿ ಕೊಡೋ ಹೆಂಗಸು ಆಡ್ಕೊಳ್ತಾಳೆ. ನಮ್ಮೆಜಮಾನ್ರು ಹೋದ್ಮೇಲೆ ಮನೇಲೂ ಅದೇ ಅಭ್ಯಾಸ ಬಿಡಿ” ಎನ್ನುತ್ತಾರೆ ಎರ್ಮೆಲಿಂದಾ.

ಈ ಸಲದ ಕರಡು ನಕ್ಷೆಯಲ್ಲಿ ಗಡಿ ನಮ್ಮ ಊರಿನ ನಡುವಿನ ರೈಲು ಹಳಿಯ ಮೇಲೆಯೇ ಹಾದಿದೆ. “ಅರ್ಧ ಜನ ಆಚೆ, ಅರ್ಧ ಜನ ಈಚೆ. ಎರಡು ಕಡೇನೂ ನಮ್ಮ ವೋಟು ಲೆಕ್ಕಕ್ಕಿಲ್ಲ. ಬಾವಿ ನೀರು ಕೆಟ್ಟಿದೆ ಅಂತ ಆಮೇಲೆ ಯಾರ ಹತ್ರ ಹೋಗೋದು?” ಇದನ್ನು ಅವರು ನನಗೆ ಹೇಳಬಹುದು, ಆಯೋಗಕ್ಕೆ ಹೇಳುವಂತಿಲ್ಲ. ದುಭಾಷಿಗೆ ಸ್ವಂತ ಅಭಿಪ್ರಾಯ ಇರಬಾರದು. ನೆರೆಯವರನ್ನು ಬನ್ನಿ ಎಂದು ಕರೆಯುವಂತೆಯೂ ಇಲ್ಲ. ಎಂಥ ಹಿಂಸೆ ಇದು.

ಸಭೆ ಅರ್ಧ ಮುಗಿದಿದೆ. ಹಳಿಯ ಈಚೆ ಬದಿಯ ಮುದುಕರಾದ ದೋನ್ ಫಿದೆನ್ಸಿಯೊ ಟೋಪಿ ಕೈಯಲ್ಲಿ ಹಿಡಿದು ಒಳಗೆ ಬರುತ್ತಾರೆ. “ಕಾಫಿ ಕೊಡ್ತಾರೆ ಅಂತ ರೇಡಿಯೊದಲ್ಲಿ ಹೇಳಿದ್ರು, ಬಂದೆ ಕಣಮ್ಮ.” ಎರ್ಮೆಲಿಂದಾ ಅವರಿಗೊಂದು ಇಯರ್‌ಫೋನು ಕೊಡುತ್ತಾರೆ.

ಮುದುಕರು ಮಾತಾಡುತ್ತಾರೆ. ಯಾರು ಮಾತಾಡಿದರೂ ದುಭಾಷಿ ‘ನಾನು’ ಎಂದೇ ಹೇಳಬೇಕು. “ನನ್ನ ಹೆಂಡತಿ ತೀರಿಕೊಂಡಾಗ ಒಂಬತ್ತು ರಾತ್ರಿ ಪ್ರಾರ್ಥನೆ ಇತ್ತು. ಹಳಿಯ ಆಚೆಯವರೂ ಬಂದು ನನ್ನ ಜೊತೆ ಕೂತರು. ನಮ್ಮದು ಒಂದೇ ಊರು” ಎಂದು ಎರ್ಮೆಲಿಂದಾ ಇಂಗ್ಲಿಷಿನಲ್ಲಿ ಹೇಳುತ್ತಾರೆ.

“ಆಚೆಯಿಂದ ಯಾರು ಬಂದಿದ್ದರು?” ಆಯೋಗದ ಅಧ್ಯಕ್ಷೆ ಕೇಳುತ್ತಾರೆ.

ಪ್ರಶ್ನೆ ಕಿವಿಗೆ ಮುಟ್ಟಿದ್ದೇ ಫಿದೆನ್ಸಿಯೊ ಗದ್ದ ಎತ್ತಿ ಪಕ್ಕದಲ್ಲಿದ್ದ ಎರ್ಮೆಲಿಂದಾ ಕಡೆ ತೋರಿಸುತ್ತಾರೆ. “ಇಗೋ, ಇವಳೇ. ತಮಾಲೆ ಕಡುಬಿನ ಪಾತ್ರೆ ಹೊತ್ಕೊಂಡು ದಿನಾ ಹಳಿ ದಾಟಿ ಬರೋಳು. ಗಂಡನ್ನ ಕಳ್ಕೊಂಡೋಳು, ನನ್ನ ಸಂಕಟ ಅವಳಿಗೆ ಗೊತ್ತಿತ್ತು. ಇವಳು ನಮ್ಮವಳು.”

ಎರ್ಮೆಲಿಂದಾ ಒಂದು ಗುಟುಕು ನೀರು ಕುಡಿಯುತ್ತಾರೆ. ಆಮೇಲೆ ಒಂದು ಪದವನ್ನೂ ಬಿಡದೆ, ಮೇಜಿನ ಕಡೆ ನೋಡುತ್ತ, ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳುತ್ತಾರೆ.

ನಕ್ಷೆ ಅಂತಿಮವಾಗುವುದು ಮುಂದಿನ ತಿಂಗಳು. ಗಡಿ ಸರಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಖಾಲಿಯಾದ ಸಭಾಂಗಣದಲ್ಲಿ ಎರ್ಮೆಲಿಂದಾ ಬೆವರು ಹತ್ತಿದ ಆ ಒಂದು ಇಯರ್‌ಫೋನನ್ನು ಒರೆಸುತ್ತಿದ್ದಾರೆ.

“ಇಷ್ಟು ದಿನ ಎಲ್ಲರ ‘ನಾನು’ ಹೇಳಿದ್ದಾಯ್ತು. ಇವತ್ತು ನನ್ನನ್ನೇ ‘ಇವಳು ನಮ್ಮವಳು’ ಅಂತ ನನ್ನ ಬಾಯಲ್ಲೇ ಹೇಳ್ದೆ. ಮನೆಗೆ ಹೋಗಿ ಇನ್ನೊಂದ್ಸಲ ಹೇಳ್ತೀನಿ. ಗೋಡೆನೂ ಕೇಳ್ಲಿ.”