ಮೈದುನನ ನಂಬರು

ನನ್ನ ಮೈದುನನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕಾಲ ಕಳೆದರೆ ಎಲ್ಲ ತಣ್ಣಗಾಗುತ್ತದೆ ಎನ್ನುವವರು ನನ್ನ ಹತ್ತಿರ ಬರಬೇಡಿ, ನನ್ನದು ತಣ್ಣಗಾಗಿಲ್ಲ.

ಮುಂಬೈಯ ವಿಕ್ರೋಳಿಯ ನಾಕಾದಲ್ಲಿ, ಅಂದರೆ ರಸ್ತೆ ಕೂಡುವ ಚೌಕದಲ್ಲಿ, ನಮ್ಮ ಊರಿನ ಹನ್ನೊಂದು ಜನರ ಗ್ಯಾಂಗು ದಿನಾ ಬೆಳಿಗ್ಗೆ ಕೂಲಿಗೆ ನಿಲ್ಲುತ್ತಿತ್ತು. ಅದನ್ನು ಕಟ್ಟಿದವರು ನನ್ನ ಗಂಡ. ಅವರು ಕಾಮಾಲೆಯಾಗಿ ತೀರಿಕೊಂಡ ಮೇಲೆ ಅವರ ತಮ್ಮ ಮುಕಾದಮನಾದ, ಗ್ಯಾಂಗಿಗೆ ಕೆಲಸ ಹಿಡಿಯುವವನು ಅವನೇ. ಅವನ ಕೈಕೆಳಗೆ ಒಂಬತ್ತು ವರ್ಷ ಸಿಮೆಂಟಿನ ಬುಟ್ಟಿ ಹೊತ್ತೆ. ಗಂಡಸರು ಕರಣಿ ಹಿಡಿಯಬೇಕು, ಹೆಂಗಸರು ಬುಟ್ಟಿ ಹೊರಬೇಕು, ಅದು ನಮ್ಮ ಪದ್ಧತಿ. ಇನ್ನೊಂದೂ ಇತ್ತು. ಕೆಲಸದ ವಿಷಯಕ್ಕೆ ಯಾರೇ ಕೇಳಲಿ, ಹೆಂಗಸರು ತಮ್ಮ ಫೋನ್ ನಂಬರು ಕೊಡುವಂತಿಲ್ಲ, ಮುಕಾದಮನದೇ ಕೊಡಬೇಕು. ಕೈಯಲ್ಲಿ ಸ್ವಂತ ಮೊಬೈಲ್ ಇದ್ದರೂ ಅಷ್ಟೇ.

ಪವಾಯಿಯ ಒಂದು ಬಿಲ್ಡಿಂಗಿನಲ್ಲಿ ನಮ್ಮ ಕೆಲಸ ನಡೆದಿದ್ದಾಗ, ಮೇಸ್ತ್ರಿ ಊಟಕ್ಕೆ ಹೋದ ಹೊತ್ತಿನಲ್ಲಿ ಅವನು ಅರ್ಧಕ್ಕೆ ಬಿಟ್ಟಿದ್ದ ಟೈಲ್ಸಿನ ಸಂದಿಗಳಿಗೆ ನಾನು ಸುಮ್ಮನೆ ಬಿಳಿ ಸಿಮೆಂಟ್ ತುಂಬಿದೆ. ಟೈಲ್ಸ್ ಕೆಲಸ ನೋಡಿಕೊಳ್ಳುವ ಮರಾಠಿ ಹೆಂಗಸು, ಎಲ್ಲರೂ ‘ಬಾಯಿ’ ಎಂದು ಕರೆಯುವವಳು, ಬಗ್ಗಿ ಬೆರಳಾಡಿಸಿ ನೋಡಿದಳು. ಕೈ ಚೆನ್ನಾಗಿದೆ, ಪೂರ್ತಿ ಕೆಲಸ ಕಲಿಸುತ್ತೇನೆ, ಜಾಗ ಖಾಲಿಯಾದರೆ ಕರೆಯುತ್ತೇನೆ, ನಂಬರು ಕೊಡು ಎಂದಳು. ಇನ್ನು ಬುಟ್ಟಿ ಹೊರಬೇಕಿಲ್ಲ ಎಂಬ ಖುಷಿಯಲ್ಲೂ ನಾನು ದಡ್ಡಿ, ಮೈದುನನ ನಂಬರು ಬರೆಸಿದೆ.

ಅಲ್ಲಿ ನಮ್ಮ ಕೆಲಸ ಮುಗಿದ ಮೇಲೆ ಒಂದು ತಿಂಗಳು ಕಾದೆ. ಫೋನು ಬಂತೇನು ಎಂದು ನಾಲ್ಕು ಸಲ ಅವನನ್ನು ಕೇಳಿದೆ. ಇಲ್ಲ ಎಂದ. ದೊಡ್ಡವರು ನಮ್ಮಂಥವರನ್ನು ನೆನಪಿಡುತ್ತಾರೇನು ಎಂದು ಕನಿಕರ ಬೇರೆ ತೋರಿಸಿದ. ಅವನ ಬಾಯಿಗೆ ಮಣ್ಣು ಹಾಕ!

ತಾಳಲಾರದೆ ಒಂದು ದಿನ ಕೂಲಿ ಬಿಟ್ಟು ನಾನೇ ಪವಾಯಿಗೆ ಹೋದೆ. ಬಾಯಿ ನನ್ನನ್ನು ಕಂಡು ಬೆರಗಾದಳು. ಮೂರು ಸಲ ಫೋನು ಮಾಡಿದ್ದಳಂತೆ. ಆಕೆ ಊರಿಗೆ ಹೋದಳು, ಮತ್ತೆ ಮುಂಬೈಗೆ ಬರುವುದಿಲ್ಲ ಎಂದು ಗಂಡಸೊಬ್ಬ ಹೇಳಿದನಂತೆ. ನಾಳೆ ಎಂಟಕ್ಕೆ ಬಂದರೆ ಜಾಗ ನಿನ್ನದು, ಬಾರದಿದ್ದರೆ ಬೇರೆಯವರಿಗೆ ಎಂದಳು. ನನ್ನ ಮೈಯೆಲ್ಲ ಉರಿಯಿತು. ನಾನು ಹೊರಟರೆ ಉಳಿದ ನಾಲ್ವರು ಹೆಂಗಸರೂ ಬೆನ್ನಿಗೇ ಹೊರಡುತ್ತಾರೆಂಬ ಹೆದರಿಕೆ ಅವನಿಗೆ, ನನಗೆ ಗೊತ್ತಿಲ್ಲವೇ?

ಮರುದಿನ ನಾಕಾದಲ್ಲಿ ಎಲ್ಲರೆದುರು ಕೇಳಿದೆ. ನಾಚಿಕೆ ಎಂಬುದೇ ಇಲ್ಲ ಅವನಿಗೆ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನನಗೇ ಬುದ್ಧಿ ಹೇಳಿದ. ಗಂಡ ಕಟ್ಟಿದ ಗ್ಯಾಂಗನ್ನು ಹೆಂಡತಿಯೇ ಒಡೆಯುತ್ತಿದ್ದಾಳೆ ನೋಡಿ ಎಂದು ಜನರ ಕಡೆ ತಿರುಗಿದ. ಒಂಬತ್ತು ವರ್ಷ ನನ್ನನ್ನು ಕಟ್ಟಿಹಾಕಿದ್ದು ಅದೇ ಮಾತು. ನಿಜ ಹೇಳಬೇಕೆಂದರೆ ಕಟ್ಟಿಹಾಕಿಕೊಂಡವಳು ನಾನೇ. ನನ್ನ ಗಂಡ ನಿಲ್ಲುತ್ತಿದ್ದ ಜಾಗದಲ್ಲಿ ನಾನು ನಿಂತರೆ ಅವರು ಪೂರ್ತಿ ಹೋದಂತಲ್ಲ ಎಂದುಕೊಂಡಿದ್ದೆ.

ಪವಾಯಿಯ ಬಸ್ಸು ಬರುವುದು ಕಂಡಿತು. ಮೈದುನ ಅಡ್ಡ ಬಂದ.

“ವೈನಿ, ನೀವು ಇವತ್ತ ಈ ಬಸ್ ಹತ್ತಿದ್ರ ನಮ್ಮಣ್ಣ ಇನ್ನೊಮ್ಮೆ ಸತ್ತಂಗ.”

“ನಿಮ್ಮಣ್ಣ ಸತ್ತು ಒಂಬತ್ತು ವರ್ಷ ಆತು. ಮಣ್ಣ ಕೊಟ್ಟಾಂವ ನೀನ. ಆ ಕುಣ್ಯಾಗ ನಾ ಇದ್ದಿಲ್ಲ. ಅತ್ತ ಸರಿ, ದಾರಿ ಬಿಡು.”

ಬಸ್ಸಿನಲ್ಲಿ ಕೂತ ಮೇಲೆ ಗಂಡನನ್ನು ನೆನೆದು ಬಿಕ್ಕಿ ಬಿಕ್ಕಿ ಅತ್ತೆ. ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಪವಾಯಿ ತಲುಪಿದ್ದೆ.