ಗಾಜಿಗೆ ಹತ್ತಿದ್ದು

ಮೊನ್ನೆ ಮೊಮ್ಮಗಳ ನೀರಿನ ಬಾಟಲಿಯೊಳಗೆ ಬೆರಳು ಹಾಕಿದೆ. ಸ್ಕೂಲಿಗೆ ಒಯ್ಯುವ ನೀಲಿ ಬಾಟಲಿ. ದಿನಾ ನಲ್ಲಿಯ ಕೆಳಗೆ ಹಿಡಿದು ಗಳಗಳ ಅಲ್ಲಾಡಿಸಿ ಕವುಚಿಡುತ್ತಾಳೆ, ಅವಳ ಲೆಕ್ಕದಲ್ಲಿ ಅದೇ ತೊಳೆಯುವುದು. ನೋಡಲು ಫಳಫಳ ಹೊಳೆಯುತ್ತಿತ್ತು. ತಳದ ಮೂಲೆಯಲ್ಲಿ ಮಾತ್ರ ಬೆರಳು ಸರ್ರನೆ ಜಾರಿತು. ಬಣ್ಣವಿಲ್ಲದ, ವಾಸನೆಯಿಲ್ಲದ ಲೋಳೆ... ವಿಲೆ ಪಾರ್ಲೆಯ ನಮ್ಮ ಅಡುಗೆಮನೆಯಲ್ಲಿ ನಿಂತಿದ್ದವಳಿಗೆ ಎಷ್ಟೋ ವರ್ಷದ ಹಿಂದಿನ ನಮ್ಮ ಲ್ಯಾಬಿನ ಮೌಶಿ ನೆನಪಾದರು.

ಎಂಬತ್ತರ ದಶಕದ ನಡುವಿನ ಮಾತು. ಮುಂಬಯಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ಟೆಕ್ನಿಶಿಯನ್. ರೋಗಿಗಳ ಕೀವು, ರಕ್ತ ಬಂದರೆ ಅದರಲ್ಲಿರುವ ಕ್ರಿಮಿಯನ್ನು ಬೆಳೆಸಿ, ಅದು ಯಾವುದು, ಯಾವ ಔಷಧಕ್ಕೆ ಸಾಯುತ್ತದೆ ಎಂದು ಬರೆದುಕೊಡಬೇಕು. ಕ್ರಿಮಿಗಳ ಊಟಕ್ಕೆಂದು ಮಾಂಸದ ಸಾರು ಕಾಯಿಸಿ ಗಾಜಿನ ಕೊಳವೆಗಳಿಗೆ ತುಂಬುತ್ತಿದ್ದೆವು. ಆಂಟಾಪ್ ಹಿಲ್‌ನ ಕ್ವಾರ್ಟರ್ಸಿನಲ್ಲಿ ಈರುಳ್ಳಿಯನ್ನೂ ಒಳಗೆ ಬಿಟ್ಟುಕೊಳ್ಳದ ನಮ್ಮಮ್ಮನಿಗೆ ಈ ವಿಷಯ ಕೊನೆಯವರೆಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ನನ್ನನ್ನು ಬಚ್ಚಲುಮನೆಯಿಂದ ಈಚೆಗೇ ಬಿಡುತ್ತಿರಲಿಲ್ಲ.

ಆ ಕೊಳವೆಗಳನ್ನು ತೊಳೆಯುತ್ತಿದ್ದವರು ಮೌಶಿ. ಬಿಜಾಪುರದ ಕಡೆಯವರು, ಕುರ್ಲಾದ ಚಾಳಿನಲ್ಲಿ ಒಂದೇ ಕೋಣೆಯ ಮನೆ. ಮೌಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಆಸ್ಪತ್ರೆಯ ಆಯಾಗಳನ್ನೆಲ್ಲ ಹಾಗೆಯೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ. ಉಪಯೋಗಿಸಿದ ಕೊಳವೆಗಳನ್ನು ಮೊದಲು ಹಬೆಯಲ್ಲಿ ಬೇಯಿಸಿ, ಕ್ರಿಮಿ ಸತ್ತ ಮೇಲೆ ಸಾರು ಚೆಲ್ಲಿ ಅವರ ಸಿಂಕಿಗೆ ಹಾಕುತ್ತಿದ್ದೆವು. ಒಗೆಯುವ ಸೋಡಾದ ನೀರು, ಬ್ರಷ್ಷು, ಮತ್ತೆ ನೀರು. ತೊಳೆದ ಪ್ರತಿ ಕೊಳವೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತಿರುಗಿಸಿ ನೋಡಿಯೇ ಸ್ಟ್ಯಾಂಡಿಗೆ ಸೇರಿಸುವರು. ದಿನಕ್ಕೆ ನೂರಾರು ಕೊಳವೆ, ಒಂದನ್ನೂ ನೋಡದೆ ಬಿಟ್ಟದ್ದು ನಾನು ಕಾಣೆ. ಆಗ ಅದು ನನಗೆ ಬರೀ ನಿಧಾನ ಎನ್ನಿಸುತ್ತಿತ್ತು. ನನ್ನ ಬಾಯಿ ಜೋರು, ಅದು ಲ್ಯಾಬಿಗೆಲ್ಲ ಗೊತ್ತಿದ್ದ ವಿಷಯ.

ಆ ವರ್ಷ ಅಪ್ಪ ಲೋಕಲ್‌ನಿಂದ ಇಳಿಯುವಾಗ ಕುರ್ಲಾ ಸ್ಟೇಷನ್ನಿನಲ್ಲಿ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡರು. ನಮ್ಮ ಆಸ್ಪತ್ರೆಯಲ್ಲೇ ಉಕ್ಕಿನ ಪಟ್ಟಿ ಇಟ್ಟು ಸ್ಕ್ರೂ ಬಿಗಿದರು. ಹೊಲಿಗೆಯ ಗಾಯ ಮಾತ್ರ ಪೂರ್ತಿ ಮಾಯಲಿಲ್ಲ. ಸಣ್ಣದೊಂದು ತೂತು ಉಳಿದು ಕೀವು ಒಸರುತ್ತಲೇ ಇತ್ತು, ಜ್ವರವೂ ಬರುತ್ತಿತ್ತು. ಆ ಕೀವನ್ನು ನಾನೇ ಬೆಳೆಸಿದೆ. ಮೈಕ್ರೋಸ್ಕೋಪಿನಲ್ಲಿ ನೇರಳೆ ಬಣ್ಣದ ದ್ರಾಕ್ಷಿ ಗೊಂಚಲುಗಳು ಕಂಡವು. ಸ್ಟ್ಯಾಫ್ ಎಂಬ ಕ್ರಿಮಿ ಕಾಣುವುದೇ ಹಾಗೆ. ಸಾರಿನ ಕ್ರಿಮಿಯನ್ನು ತಟ್ಟೆಗೆ ಹರಡಿ ಔಷಧದ ಬಿಲ್ಲೆ ಇಟ್ಟರೆ ಅದರ ಸುತ್ತ ಅಗಲವಾದ ಖಾಲಿ ವೃತ್ತ, ಅಂದರೆ ಆ ಔಷಧಕ್ಕೆ ಕ್ರಿಮಿ ಸಾಯುತ್ತದೆ. ಹಾಗೆಂದು ಬರೆದು ಸಹಿ ಹಾಕಿದೆ.

ಔಷಧ ಕೊಟ್ಟಾಗ ಜ್ವರ ಇಳಿಯಿತು. ನಿಲ್ಲಿಸಿದ ಹತ್ತು ದಿನಕ್ಕೆ ಮತ್ತೆ ಬಂತು. ಮತ್ತೆ ಪರೀಕ್ಷೆ, ಮತ್ತೆ ಅದೇ ವೃತ್ತ. ಹೀಗೆ ಮೂರು ಸಲ. ಅಪ್ಪನೇ ಮಾತ್ರೆ ತಪ್ಪಿಸುತ್ತಿದ್ದಾರೆಂದು ಮನೆಯಲ್ಲಿ ರೇಗಾಡಿದೆ. ಅವರು ದಿಂಬಿನ ಕೆಳಗಿಂದ ಮಾತ್ರೆಯ ಖಾಲಿ ಪಟ್ಟಿಗಳ ಕಟ್ಟೊಂದನ್ನು ತೆಗೆದು ತೋರಿಸಿದರು, ಒಂದೂ ತಪ್ಪಿರಲಿಲ್ಲ. ಇನ್ನೊಂದು ತಿಂಗಳು ನೋಡಿ, ಆಗಲೂ ಹೀಗೇ ಇದ್ದರೆ ಕಾಲು ತೆಗೆಯಬೇಕಾದೀತು ಎಂದು ಮೂಳೆ ಡಾಕ್ಟರು ನನ್ನನ್ನು ಕರೆದು ಹೇಳಿದರು. ಅದನ್ನು ಮನೆಗೆ ಹೋಗಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ಮಾರನೆಯ ದಿನ ಕೆಲಸಕ್ಕೆ ಬಂದರೆ ಕೊಳವೆಗಳು ಕಮ್ಮಿ ಬಿದ್ದವು. ಹುಡುಕಿದಾಗ ಸಿಂಕಿನ ಹಿಂದಿನ ಡಬ್ಬಿಯಲ್ಲಿ ನಾಲ್ಕು ಕೊಳವೆ ಸಿಕ್ಕವು, ಒಳಗೆಲ್ಲ ಮಬ್ಬು ಪದರ. ನನ್ನ ತಲೆ ಕೆಟ್ಟುಹೋಯಿತು. ಇಡೀ ಲ್ಯಾಬಿನ ಎದುರು ಕೂಗಾಡಿದೆ. "ಇದೇನು ಮೌಶಿ, ತೊಳೆಯೋ ರೀತಿ ಇದೇನಾ? ನಿಮ್ಮ ಕೊಳಕು ಕೊಳವೆಯಿಂದಲೇ ನನ್ನ ರಿಪೋರ್ಟ್ ಕೆಡ್ತಿರೋದು!" ಯಾರೋ ಮುಸಿಮುಸಿ ನಕ್ಕರು. ಮೌಶಿ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತರು.

ಊಟದ ಹೊತ್ತಿಗೆ ಎಲ್ಲರೂ ಕ್ಯಾಂಟೀನಿಗೆ ಹೋಗಿದ್ದಾಗ ಅದೇ ಡಬ್ಬಿ ಹಿಡಿದು ನನ್ನ ಮೇಜಿನ ಹತ್ತಿರ ಬಂದರು.

"ನಿಮಗ ತೋರಸ್ಬೇಕಂತನ ತೆಗೆದಿಟ್ಟಿದ್ದೆ ರೀ ಅಕ್ಕಾರ. ಬ್ಯಾರೇವೆಲ್ಲ ಒಂದ ತಿಕ್ಕಿಗೆ ಹೋಗತಾವ್ರಿ. ಈ ಪಟ್ಟಿ ಸುತ್ತಿದ್ದು ಅಷ್ಟ ಹೋಗವಲ್ವು. ಮೂರು ಸಲಾನೂ ಹಿಂಗ ಆತ್ರಿ."

ಗಾಜಿನ ಮೇಲೆ ಬರೆದ ನಂಬರು ಅಳಿಸಿಹೋದೀತೆಂಬ ಭಯಕ್ಕೆ ನಾನು ಒಬ್ಬರ ಕೊಳವೆಗಳಿಗೆ ಮಾತ್ರ ಬಟ್ಟೆ ಪ್ಲಾಸ್ಟರಿನ ತುಂಡು ಸುತ್ತುತ್ತಿದ್ದೆ. ಆ ನಾಲ್ಕೂ ಅಪ್ಪನವು.

ಅದೇನು ಲೋಳೆ ಎಂದು ನಾನು ಕೇಳಿದ್ದಕ್ಕೆ ಅವರು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. "ಸಾರು ಚೆಲ್ಲಿದ್ರ ಸಾರು ಹೋಗತೈತ್ರಿ, ಗ್ವಾಡಿಗೆ ಹತ್ತಿದ್ದು ಹೆಂಗ ಹೋಗತೈತಿ? ನಮ್ಮ ಚಾಳಿನ ನೀರಿನ ಡ್ರಮ್ಮಿನಾಗೂ ಹಿಂಗ. ಬ್ಲೀಚಿಂಗ್ ಪುಡಿ ಹಾಕಿದ್ರ ಮ್ಯಾಲಿನ ನೀರು ಚೊಲೋ ಕಾಣತೈತಿ, ನಾಕ ದಿನಕ್ಕ ಮತ್ತ ನಾರತೈತಿ. ಡ್ರಮ್ ಕೆಡವಿ, ಕೈ ಹಾಕಿ ತಿಕ್ಕಬೇಕ್ರಿ."

ನಾಲ್ಕು ದಿನಕ್ಕೆ ಮತ್ತೆ ನಾರುವ ಡ್ರಮ್ಮು, ಹತ್ತು ದಿನಕ್ಕೆ ಮತ್ತೆ ಬರುವ ಜ್ವರ... ಇಷ್ಟು ದಿನ ನಾನು ಪರೀಕ್ಷಿಸಿದ್ದೆಲ್ಲ ಸಾರಿನಲ್ಲಿ ತೇಲುವ ಕ್ರಿಮಿಯನ್ನು. ಕೊಳವೆಯ ಗೋಡೆಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ನೋಡುತ್ತಿದ್ದವರು ಮೌಶಿ ಒಬ್ಬರೇ.

ಡಬ್ಬಿಯನ್ನು ಎತ್ತಿಕೊಂಡು ಲ್ಯಾಬಿನ ದೊಡ್ಡ ಡಾಕ್ಟರ ಕೋಣೆಗೆ ಓಡಿದೆ. ಅವರು ಇಂಥ ಲೋಳೆಯ ಬಗ್ಗೆ ಓದಿದ್ದರಂತೆ, ಕಣ್ಣಾರೆ ಕಂಡಿರಲಿಲ್ಲ. ಅಪ್ಪನ ಕ್ರಿಮಿಯನ್ನು ಎರಡು ಕೊಳವೆಯಲ್ಲಿ, ಇನ್ನೊಬ್ಬ ರೋಗಿಯ ಸ್ಟ್ಯಾಫ್ ಅನ್ನು ಎರಡರಲ್ಲಿ ಹೊಸದಾಗಿ ಬೆಳೆಸಿದೆವು. ಎರಡು ದಿನ ಬಿಟ್ಟು ಸಾರು ಚೆಲ್ಲಿ, ಕೆಂಪು ಬಣ್ಣ ಹುಯ್ದು, ಬಣ್ಣವನ್ನೂ ಚೆಲ್ಲಿ ನೀರು ಹಾಯಿಸಿದೆವು. ಆ ರೋಗಿಯ ಕೊಳವೆಗಳು ಸ್ವಚ್ಛವಾದವು. ಅಪ್ಪನವು ತಳದಿಂದ ಕತ್ತಿನವರೆಗೆ ಕುಂಕುಮ ಬಳಿದಂತೆ ಕೆಂಪಗೆ ನಿಂತವು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು ಸೇರಿಕೊಂಡು, ಕೈಯಲ್ಲಿ ಮುಟ್ಟಬಹುದಾದ ಒಂದು ಊರನ್ನೇ ಕಟ್ಟಿದ್ದವು! ಭಯ ಆಗಬೇಕಿತ್ತು. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಆದದ್ದು ಬರೀ ಬೆರಗು.

ಈಗ ಅದಕ್ಕೆ ಬಯೋಫಿಲ್ಮ್ ಅನ್ನುತ್ತಾರೆ. ತೇಲುವ ಸ್ಟ್ಯಾಫ್ ಔಷಧಕ್ಕೆ ಸಾಯುತ್ತದೆ. ಗಾಜಿಗೋ ಉಕ್ಕಿಗೋ ಅಂಟಿಕೊಂಡದ್ದು ಲೋಳೆ ಸುರಿಸಿ, ಒಂದರ ಮೇಲೊಂದು ಮಹಡಿ ಎಬ್ಬಿಸಿ, ಒಳಗೆ ಉಸಿರು ಬಿಗಿಹಿಡಿದು ಕೂತುಬಿಡುತ್ತದೆ. ಔಷಧ ಹೊರಗೆ ಓಡಾಡುವವನ್ನು ಕೊಲ್ಲುತ್ತದೆ, ಜ್ವರ ಇಳಿಯುತ್ತದೆ. ಔಷಧ ನಿಂತ ಮೇಲೆ ಒಳಗಿನವು ಈಚೆ ಬರುತ್ತವೆ. ನನ್ನ ರಿಪೋರ್ಟಿನಲ್ಲಿ ಒಂದು ಸುಳ್ಳೂ ಇರಲಿಲ್ಲ. ಆ ರಿಪೋರ್ಟನ್ನು ನಂಬಿಯೇ ಮೂಳೆ ಡಾಕ್ಟರು ಉಕ್ಕಿನ ಪಟ್ಟಿ ತೆಗೆಯದೆ ಔಷಧದ ಮೇಲೆ ಔಷಧ ಕೊಟ್ಟಿದ್ದರು.

ಮುಂದಿನ ವಾರವೇ ಪಟ್ಟಿ ತೆಗೆದರು, ಮೂಳೆಯನ್ನು ಕೆರೆದು ತೊಳೆದರು, ತಿಂಗಳುಗಟ್ಟಲೆ ಪ್ಲಾಸ್ಟರ್ ಹಾಕಿದರು. ಆ ಉಕ್ಕಿನ ಪಟ್ಟಿ ಶೀಷೆಯಲ್ಲಿ ನಮ್ಮ ಲ್ಯಾಬಿಗೇ ಬಂತು. ಅದರ ಅಡಿಯ ಲೋಳೆಯನ್ನು ಮೌಶಿ ಶೀಷೆಯ ಹೊರಗಿನಿಂದಲೇ ಒಂದು ಕಣ್ಣು ಮುಚ್ಚಿ ನೋಡಿದರು. "ಇದ ರೀ ಡ್ರಮ್ಮು," ಅಂದರು.

ಜ್ವರ ಮತ್ತೆ ಬರಲಿಲ್ಲ. ಕೋಲೂರಿಕೊಂಡು ನಡೆಯುವ ಹಾಗಾದ ಮೇಲೆ ಅಪ್ಪ ಹಟ ಹಿಡಿದು ಲ್ಯಾಬಿಗೆ ಬಂದರು, ಕೈಯಲ್ಲಿ ಅಮ್ಮ ಮಾಡಿದ ಕೊಬ್ಬರಿ ಮಿಠಾಯಿಯ ಡಬ್ಬಿ. ಸಿಂಕಿನ ಪಕ್ಕ ನಿಂತು, ಪ್ಯಾಂಟನ್ನು ಮೇಲೆ ಸರಿಸಿ ಗಾಯದ ಕಲೆ ತೋರಿಸಿದರು. ಮೌಶಿ ಬಗ್ಗಿ ಹೆಬ್ಬೆಟ್ಟಿನಿಂದ ಒತ್ತಿ ನೋಡಿ, "ಗಟ್ಟಿ ಐತ್ರಿ ಯಜಮಾನರ, ಇನ್ನ ಜಾರಂಗಿಲ್ಲ," ಅಂದರು. ಅಪ್ಪ ಮಿಠಾಯಿಯ ಡಬ್ಬಿಯನ್ನು ಅವರ ಕೈಗಿಟ್ಟು ಕೈ ಮುಗಿದರು.

ಅಂದು ಅಪ್ಪ ಹೋದ ಮೇಲೆ, ಸುತ್ತ ಯಾರೂ ಇಲ್ಲದ್ದು ನೋಡಿ, "ಅವತ್ತು ನಂದು ತಪ್ಪಾಯ್ತು ಮೌಶಿ," ಅಂದೆ. ನಲ್ಲಿ ಜೋರಾಗಿ ಬಿಟ್ಟಿತ್ತು. ಅವರಿಗೆ ಹೇಗೋ ಕೇಳಿಸಿತು. "ಇರ್ಲಿ ಬಿಡ್ರಿ. ಅಪ್ಪಗ ಹಂಗ ಆದ್ರ ಮಗಳ ಜೀವ ತಡೀತೈತೇನ್ರಿ," ಅಂದು ಮುಂದಿನ ಕೊಳವೆ ಎತ್ತಿಕೊಂಡರು.

ತೊಂಬತ್ತರ ದಶಕದ ಆರಂಭದಲ್ಲಿ ಲ್ಯಾಬಿಗೆ ಪ್ಲಾಸ್ಟಿಕ್ ಕೊಳವೆಗಳು ಬಂದವು. ಒಂದು ಸಲ ಬಳಸಿ ಎಸೆಯುವಂಥವು, ತೊಳೆಯುವ ಮಾತೇ ಇಲ್ಲ. ಆ ಖುಷಿಗೊಂದು ಚಹಾ ಕೂಟ. ಅಷ್ಟರಲ್ಲಿ ಸೀನಿಯರ್ ಆಗಿದ್ದ ನನ್ನನ್ನು ನಾಲ್ಕು ಮಾತಾಡಲು ನಿಲ್ಲಿಸಿದರು. ಹೊಸ ಸಾಮಾನು, ಉಳಿಯುವ ಸಮಯ ಎಂದೆಲ್ಲ ಹೇಳಿದೆ, ಚಪ್ಪಾಳೆ ಬಿತ್ತು. ಚಹಾದ ಟ್ರೇ ಹಿಡಿದು ನಿಂತಿದ್ದವರು ಮೌಶಿ. ಮರುವಾರ ಅವರನ್ನು ಲಾಂಡ್ರಿಗೆ ಹಾಕಿದರು. ಅಲ್ಲಿಂದಲೇ ಊರಿಗೆ ಹೋದರಂತೆ. ತೀರಿಕೊಂಡ ಸುದ್ದಿ ನನಗೆ ಮುಟ್ಟುವಾಗ ವರ್ಷ ಕಳೆದಿತ್ತು... ಅಪ್ಪ ತಮ್ಮ ಎರಡು ಕಾಲಿನ ಮೇಲೆ ಇನ್ನೂ ಎಷ್ಟೋ ವರ್ಷ ಓಡಾಡಿ, ಈಗ ಅವರೂ ಇಲ್ಲ.

"ಅಜ್ಜಿ, ಸಾಫ್ ಹೋ ಗಯಾ ನಾ, ಕೊಡಿ!" ಮೊಮ್ಮಗಳು ಬಾಗಿಲಲ್ಲಿ ಕುಣಿಯುತ್ತಿದ್ದಳು. ನಾನು ಬಾಟಲಿಯನ್ನು ಇನ್ನೊಮ್ಮೆ ತಿಕ್ಕಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದೆ. ಮೌಶಿಯನ್ನು ಬೈದದ್ದು ಇಡೀ ಲ್ಯಾಬಿನ ಎದುರು, ತಪ್ಪಾಯ್ತು ಅಂದದ್ದು ಯಾರೂ ಇಲ್ಲದಾಗ. ಆ ಚಹಾ ಕೂಟದಲ್ಲಿ ಎಲ್ಲರೂ ನನ್ನ ಮಾತು ಕೇಳುತ್ತಿದ್ದರು. ಆ ಮಾತನ್ನು ಅಲ್ಲಿ ಹೇಳಬಹುದಾಗಿತ್ತು... ನಾನು ಮಾತು ಮುಗಿಸಿ ಬಂದು ಅವರ ಟ್ರೇಯಿಂದ ಒಂದು ಕಪ್ ಚಹಾ ತೆಗೆದುಕೊಂಡೆ.