ಮಿಂಚಣ್ಣನ ಎದುರಿನ ಖಾಲಿ ಕುರ್ಚಿ

ಬೆಳಗಿನ ಐದೂವರೆ. ಮನಃಶಾಸ್ತ್ರ ವಿಭಾಗದ ನೆಲಮಾಳಿಗೆಯಲ್ಲಿ ಕಪ್ಪು ಪೆಟ್ಟಿಗೆಯೊಂದರ ಮುಚ್ಚಳ ತೆರೆದು, ಅಲ್ಲಿನ ಯಂತ್ರ ನೋಡಿಕೊಳ್ಳುವ ಮಿಂಚಣ್ಣ ಒಳಗಿನ ಕನ್ನಡಿ ಒರೆಸುತ್ತಿದ್ದಾರೆ. ವಿದ್ಯಾರ್ಥಿಗಳು ಇಟ್ಟ ಹೆಸರದು. ನಿಜವಾದ ಹೆಸರು ಸಂಬಳದ ಚೀಟಿಗಷ್ಟೇ ಗೊತ್ತು. ಈ ಹೊತ್ತಿಗೆ ಕಟ್ಟಡದಲ್ಲಿ ಇನ್ನೊಂದು ನರಪಿಳ್ಳೆಯೂ ಇಲ್ಲ.

ಪೆಟ್ಟಿಗೆಯ ಹೆಸರು ಟ್ಯಾಕಿಸ್ಟೋಸ್ಕೋಪ್. ನಾಲಿಗೆ ಹೊರಳದವರಿಗೆ "ಕಣ್ಣು ಪಿಳುಕಿಸೋ ಪೆಟ್ಟಿಗೆ ಅನ್ನಿ, ಸಾಕು" ಎನ್ನುತ್ತಾರೆ. ರಬ್ಬರಿನ ಕಿಂಡಿಗೆ ಕಣ್ಣಿಟ್ಟರೆ ಒಳಗೆ ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲು ಹೊತ್ತು ದೀಪ ಹೊತ್ತಿ, ಕಾರ್ಡಿನ ಮೇಲಿನ ಪದ ಕಂಡು ಮಾಯವಾಗುತ್ತದೆ. ಅಷ್ಟರಲ್ಲಿ ಮನಸ್ಸು ಎಷ್ಟು ಓದಬಲ್ಲದು ಎಂಬುದೇ ಸಂಶೋಧಕರ ಪ್ರಶ್ನೆ. ದೀಪ ತುಸು ಮಂಕಾದರೂ ಅವರ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಅದಕ್ಕೇ ದಿನಾ ಇಪ್ಪತ್ತು ಕಾರ್ಡಿನ ಪರೀಕ್ಷೆ. "ಕಾರ್ಡ್ ಹಾಕಿದವನೇ ನೋಡೋ ಹಾಗಿಲ್ಲ. ಗೊತ್ತಿರೋ ಪದ ಕಾಣದಿದ್ರೂ ಕಂಡ ಹಾಗೇ ಇರುತ್ತೆ." ಹಾಗಾಗಿ ಮಿಂಚಣ್ಣನ ಬದಲು ಇಪ್ಪತ್ತೆರಡು ವರ್ಷ ಕಿಂಡಿಯಲ್ಲಿ ನೋಡಿದವರು ಅವರ ಅಕ್ಕ. ತಮ್ಮನ ಮನೆಯಲ್ಲೇ ಇರುವವರು, ಬುತ್ತಿ ಹಿಡಿದು ಜೊತೆಗೇ ಬರುತ್ತಿದ್ದರು. "ಕೊಡೆ... ಗಡಿಯಾರ..." ಎಂದು ಓದಿದರೆ ಪೆಟ್ಟಿಗೆ ಪಾಸು. ತಪ್ಪಿದರೆ, "ನಿನ್ನ ಯಂತ್ರಕ್ಕೆ ಇನ್ನೂ ನಿದ್ದೆ ಬಿಟ್ಟಿಲ್ಲ ಕಣೋ!"

ಹೋದ ವರ್ಷ ಅಕ್ಕ ದಿನವೂ ತಪ್ಪತೊಡಗಿದರು. ಮಿಂಚಣ್ಣ ದೀಪ ಬದಲಿಸಿದರು, ಕನ್ನಡಿ ಬಿಚ್ಚಿ ಜೋಡಿಸಿದರು, ಮೂರು ತಿಂಗಳು ಪೆಟ್ಟಿಗೆಯೊಡನೆ ಗುದ್ದಾಡಿದರು. ಕೊನೆಗೊಂದು ದಿನ ವಿದ್ಯಾರ್ಥಿನಿಯೊಬ್ಬಳು ಕೂತು ಇಪ್ಪತ್ತೂ ಪದ ಪಟಪಟನೆ ಓದಿಬಿಟ್ಟಳು. ಕೆಟ್ಟಿದ್ದು ಪೆಟ್ಟಿಗೆಯಲ್ಲ, ಅಕ್ಕನ ಕಣ್ಣಿನ ನರ. "ಮೊದಲೇ ಕರ್ಕೊಂಡು ಬರಬಾರದಿತ್ತಾ?" ಎಂದರು ವೈದ್ಯರು. ಹೋದ ದೃಷ್ಟಿ ಮರಳುವುದಿಲ್ಲವಂತೆ.

"ಪೆಟ್ಟಿಗೆಗೆ ಏನಾಯ್ತು ಅಂತ ನೂರು ಸಲ ನೋಡ್ದೆ. ನಿಂಗೇನಾಯ್ತಕ್ಕಾ ಅಂತ ಒಂದು ಸಲಾನೂ ಕೇಳ್ಲಿಲ್ಲ." ಎಂದು ತಮಗೆ ತಾವೇ ಹೇಳಿಕೊಳ್ಳುವಾಗ ಒರೆಸುವ ಕೈ ನಿಲ್ಲುತ್ತದೆ.

ಈಗ ಕಾರ್ಡು ಓದಲು ವಿದ್ಯಾರ್ಥಿಗಳು ಬರುವವರೆಗೆ ಅವರು ಒಬ್ಬರೇ ಕಾಯುತ್ತಾರೆ. ಅಕ್ಕ ಕೂರುತ್ತಿದ್ದ ಎದುರಿನ ಕುರ್ಚಿಯ ಧೂಳನ್ನಂತೂ ದಿನಾ ಕೊಡವುತ್ತಾರೆ. ಮನೆಯಿಂದ ಹೊರಡುವಾಗ ಕರೆದರೂ ಅಕ್ಕ ಬರುವುದಿಲ್ಲ. "ಕಾಣದ ಕಣ್ಣಿಗೆ ಅಲ್ಲೇನು ಕೆಲಸ?" ಎಂದು ಗೋಡೆಯತ್ತ ತಿರುಗುತ್ತಾರೆ.

ಆದರೂ ಮಿಂಚಣ್ಣ ಇಪ್ಪತ್ತೊಂದನೇ ಕಾರ್ಡನ್ನು ಕತ್ತರಿಸಿಟ್ಟಿದ್ದಾರೆ. ಅಚ್ಚ ಬಿಳಿ, ಪದವೇ ಇಲ್ಲ.

"ಬೆಳಕು ಬಂದಿದ್ದು ಮಾತ್ರ ಅಕ್ಕಂಗೆ ಇನ್ನೂ ಗೊತ್ತಾಗುತ್ತೆ. ಒಂದೇ ಒಂದು ದಿನ ಬಂದು ಕೂತ್ಕೊಳ್ಳಲಿ. ಈ ಕಾರ್ಡಿಗೆ ಟೈಮ್ ಇಡಲ್ಲ ನಾನು. ಅಕ್ಕ 'ಸಾಕು ಕಣೋ' ಅನ್ನೋವರೆಗೂ ದೀಪ ಉರೀಲಿ."